ಶಭಾಷ್ ಎನ್ನುವ ತೂಕದ ಯಂತ್ರ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ತಮ್ಮ ಆಸ್ಪತ್ರೆಯ ತೂಕದ ಯಂತ್ರ ನನ್ನ ಅಕ್ಕನನ್ನು ಹೊಗಳಿದೆ. ಅದರ ಮೇಲೆ ಈ ದೂರು.

ಎರಡನೇ ಮಹಡಿಯ ಕಾರಿಡಾರಿನಲ್ಲಿರುವ ಈ ಮಹಾಶಯ, ಚೀಟಿಯ ಸಂಖ್ಯೆ ಒತ್ತಿ ಮೇಲೆ ನಿಂತರೆ ಹಿಂದಿನ ತೂಕವನ್ನು ನೆನಪಿಸಿಕೊಳ್ಳುತ್ತಾನೆ. ತೂಕ ಇಳಿದಿದ್ದರೆ ಊರಿಗೆಲ್ಲ ಕೇಳುವಂತೆ, “ಶಭಾಷ್, ಹೀಗೇ ಮುಂದುವರಿಸಿ” ಎನ್ನುತ್ತಾನೆ. ಬೊಜ್ಜು ಕರಗಿಸಲು ಬಂದವರಿಗೆ ಅದರಿಂದ ಹುರುಪು ಬರುತ್ತಿರಬಹುದು. ಆದರೆ ನನ್ನ ಅಕ್ಕನಂತೆ ಊಟ ಬಿಟ್ಟವರಿಗೆ ತಾವು ಚಿಕಿತ್ಸೆ ಕೊಡುವ ಕೋಣೆಗೆ ಹೋಗುವುದೂ ಅವನ ಮೇಲೆ ನಿಂತು ಇಳಿದ ಮೇಲೆಯೇ. ಈ ಏರ್ಪಾಡು ಹೊಳೆದ ತಲೆಗೆ ನನ್ನ ಸಾಷ್ಟಾಂಗ ನಮಸ್ಕಾರ.

ಉಂಡಾಗ ಮಿದುಳಿನಲ್ಲಿ ಡೋಪಮೈನ್ ಎಂಬುದು ಜಿನುಗಿ ನಮಗೆಲ್ಲ ಹಿತವಾಗುತ್ತದಂತೆ. ಅಕ್ಕನಂಥವರಲ್ಲಿ ಆ ವ್ಯವಸ್ಥೆಯೇ ತಿರುವುಮುರುವಾಗಿರಬಹುದು ಎಂದವರು ತಮ್ಮ ಡಾಕ್ಟರೇ. ಪೂರ್ತಿ ಯಾರಿಗೂ ತಿಳಿದಿಲ್ಲ ಎಂದೂ ಪ್ರಾಮಾಣಿಕವಾಗಿ ಸೇರಿಸಿದರು. “ಇದು ಹಟ ಅಲ್ಲಮ್ಮ. ನಮಗೆ ಹಸಿದ್ರೆ ಚಡಪಡಿಕೆ, ಉಂಡ್ರೆ ನೆಮ್ಮದಿ. ಇವಳಿಗೆ ಉಂಡ್ರೆ ದಿಗಿಲು, ಹಸಿದಿದ್ರೇನೇ ನೆಮ್ಮದಿ.” ಎರಡು ಬಿಗಿದರೆ ತಾನಾಗಿ ಉಣ್ಣುತ್ತಾಳೆ ಎಂಬ ಅತ್ತೆಯ ವೈದ್ಯಶಾಸ್ತ್ರವನ್ನು ಅಮ್ಮ ಅಂದೇ ಕೈಬಿಟ್ಟಳು. ತಮ್ಮ ಯಂತ್ರಕ್ಕೆ ಮಾತ್ರ ಈ ವಿಷಯ ಯಾರೂ ತಿಳಿಸಿಲ್ಲ. ಹಸಿವೇ ಬಹುಮಾನವಾಗಿರುವ ಮಿದುಳಿಗೆ ಮೇಲೊಂದು ಚಪ್ಪಾಳೆ ಏಕೆ ಸ್ವಾಮಿ?

ಅಕ್ಕನನ್ನು ನಗಿಸಲೆಂದು ನಾನು ಅಪ್ಪನ ಹಾಗೆ ನಡೆದು ತೋರಿಸಿದ್ದೇನೆ, ತಲೆಗೆ ಪಾತ್ರೆ ಕವುಚಿಕೊಂಡು ಭಾಷಣ ಮಾಡಿದ್ದೇನೆ. ಉಹೂಂ. ಕಳೆದ ಸೋಮವಾರ ಯಂತ್ರ ಶಭಾಷ್ ಎಂದಿತು, ಅಕ್ಕ ನಕ್ಕಳು. ಅವಳು ನಕ್ಕಿದ್ದನ್ನು ಕಂಡು ಅಮ್ಮನೂ ನಕ್ಕಳು. ನನಗೆ ಏನೂ ಅನ್ನಿಸಲಿಲ್ಲ. ಡಾಕ್ಟರರ ಕೋಣೆಯಿಂದ ಗಾಯದ ಪಟ್ಟಿ ತಂದು ಯಂತ್ರದ ಬಾಯಿಗೆ ಅಂಟಿಸಿದೆ.

ಕಾವಲುಗಾರರು ಬಂದು ಕಿತ್ತರು. “ಅದಕ್ಕೇನು ಗಾಯ ಆಗಿದ್ಯೇನೋ?”

“ಅದಕ್ಕಲ್ಲ ಅಣ್ಣಾ” ಎಂದೆ.

ತಮ್ಮ ಕಚೇರಿಗೆ ಹೋಗಿ ಹೇಳಿದರೆ, ಯಂತ್ರದ ಮಾತು ರೋಗಿಗಳಿಗೆ ಪ್ರೋತ್ಸಾಹದಾಯಕ ಎಂಬ ಉತ್ತರ ಬಂತು. ಒಪ್ಪುತ್ತೇನೆ. ಇಷ್ಟು ದಿನ ಕೈಹಿಡಿದು ಎಳೆದುಕೊಂಡು ಬರಬೇಕಾಗಿದ್ದ ಅಕ್ಕ ನಿನ್ನೆ ತಾನಾಗಿಯೇ ಕೇಳಿದಳು, “ಸೋಮವಾರ ಆಸ್ಪತ್ರೆಗೆ ಹೋಗ್ತೀವಿ ಅಲ್ವೇನಮ್ಮಾ?” ಅಮ್ಮನಿಗೆ ಹಿಡಿಸಲಾರದಷ್ಟು ಸಂತೋಷ. ಅಕ್ಕನ ಮುಂದಿದ್ದ ತಟ್ಟೆ ಬಡಿಸಿದ ಹಾಗೇ ಇತ್ತು.

ಸೋಮವಾರದೊಳಗೆ ಅದರ ಬಾಯಿ ಮುಚ್ಚಿಸಿ. ಪಟ್ಟಿ ಬೇಕಿದ್ದರೆ ನನ್ನ ಹತ್ತಿರ ಇನ್ನೂ ಉಳಿದಿದೆ.

ಇಂತಿ,
ಅಕ್ಕನನ್ನು ನಗಿಸುವ ಪಂದ್ಯದಲ್ಲಿ ತಮ್ಮ ಯಂತ್ರಕ್ಕೆ ಸೋತವನು