ರಟ್ಟಿನ ಟಿವಿಯಲ್ಲಿ ಮೂರು ನಿಮಿಷ

ನಡುಮನೆಯ ಹೊಲಿಗೆ ಮೇಜಿನಿಂದ,
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಮೊಮ್ಮಗಳೇ, ಮಾಜಿ ಪಾಲುದಾರಳೇ,

ಮೂರು ವಾರಗಳಿಂದ ಮುಚ್ಚಿದ್ದ ನಮ್ಮ ಮನೆಯ ರಟ್ಟಿನ ಟೆಲಿವಿಷನ್ ಕೇಂದ್ರವು ಬರುವ ಭಾನುವಾರದ ನಂತರದ ಭಾನುವಾರ, ಹಗಲು ಹನ್ನೊಂದು ಗಂಟೆಗೆ ಸರಿಯಾಗಿ, ಮೂರೇ ಮೂರು ನಿಮಿಷಗಳ ಮಟ್ಟಿಗೆ ಮತ್ತೆ ಪ್ರಸಾರ ಆರಂಭಿಸಲಿದೆ ಎಂಬುದನ್ನು ಸಮಸ್ತ ವೀಕ್ಷಕರ, ಎಂದರೆ ನಿನ್ನ ಮತ್ತು ನಿನ್ನ ಅಜ್ಜಿಯ, ಗಮನಕ್ಕೆ ತರಲು ಆಡಳಿತ ಮಂಡಳಿ ಹರ್ಷಿಸುತ್ತದೆ. ಆಡಳಿತ ಮಂಡಳಿ ಎಂದರೆ ಈಗ ನಾನೊಬ್ಬನೇ. ನಿನ್ನನ್ನು ವಜಾ ಮಾಡಿ ಇಪ್ಪತ್ತೆರಡು ದಿನವಾಯಿತು. ಆ ಆದೇಶವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ನಿನ್ನ ಅಜ್ಜಿ ಅದರ ಬೆನ್ನ ಮೇಲೆ ತರಕಾರಿ ಪಟ್ಟಿ ಬರೆದು ಅಂಗಡಿಗೆ ಒಯ್ದಳು.

ಮೊದಲು ಆರೋಗ್ಯದ ವಿಚಾರ. ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನಲ್ಲಿ ಬಿಸಿನೀರು ಬರುತ್ತಿದೆಯೋ, ಇಲ್ಲ ಇನ್ನೂ ಬೋರ್ಡಿನ ಮೇಲೆ ಮಾತ್ರ ಬರುತ್ತಿದೆಯೋ? ಊಟ ತಪ್ಪಿಸಬೇಡ. ನಿನ್ನ ಮೇಲಿನ ನನ್ನ ಸಿಟ್ಟಿಗೂ ನಿನ್ನ ಕೆಮ್ಮಿಗೂ ಸಂಬಂಧವಿಲ್ಲ, ಅವು ಬೇರೆ ಬೇರೆ ಇಲಾಖೆಗಳು. ಅಜ್ಜಿಯ ಮಂಡಿನೋವು ಮೆಟ್ಟಿಲು ಹತ್ತುವಾಗ ಮಾತ್ರ ಇರುತ್ತದೆ, ಪಕ್ಕದ ಮನೆಯಲ್ಲಿ ಏನಾದರೂ ಜಗಳದ ಸದ್ದಾದರೆ ಕೂಡಲೇ ಗುಣವಾಗುತ್ತದೆ. ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೇನೆ. ಸೂಜಿಗೆ ದಾರ ಪೋಣಿಸಲು ಮಾತ್ರ ಮೊದಲು ಮೂರು ಸಲ ಸಾಕಾಗುತ್ತಿತ್ತು, ಈಗ ಏಳು ಸಲ ಬೇಕು. ಪೋಣಿಸಿಕೊಡುತ್ತಿದ್ದ ಕೈ ಕತ್ತು ಕೊಯ್ದು ಹೊರಟುಹೋಯಿತಲ್ಲ.

ನೀನು ರಜೆಗೆ ಬಂದ ದಿನ ನೆನಪಿಸಿಕೋ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದ ಮುದಿ ದರ್ಜಿಯ ಮುಂದೆ ಚಿಂದಿ ಬಟ್ಟೆಯ ಮೂಟೆ ಸುರಿದು, "ತಾತ, ಈಗ ಹಳೇದೇ ಹೊಸ ಫ್ಯಾಷನ್ನು. ಬಾ, ಮನೆ ತುಂಬ ಹಳೇ ಕಾಲ ಹೊಲಿಯೋಣ" ಅಂದೆ. ನಾವು ಕೆಟ್ಟುಹೋಯಿತೆಂದು ಗುಜರಿಗೆ ಹಾಕಿದ್ದನ್ನೆಲ್ಲ ನೀವು ಬಟ್ಟೆಯಲ್ಲಿ ಹೊಲಿಸಿ ಸೋಫಾ ಮೇಲಿಡುತ್ತೀರಿ. ಹಾಗಾದರೆ ನನಗೂ ಒಂದು ಕಾಲ ಬರಬಹುದೆಂದು ಆಸೆ ಹುಟ್ಟಿತು. ಕೋಟಿನ ಗುಂಡಿಗಳನ್ನೇ ತಿರುಪುಗಳಾಗಿಸಿ ರೇಡಿಯೋ ದಿಂಬು ಹೊಲಿದೆವು. ಬೆರಳು ತೂರಿಸಿ ತಿರುಗಿಸುವ ಕೆಂಪು ಫೋನನ್ನು ಉಣ್ಣೆ ಬಟ್ಟೆಯಲ್ಲಿ ಮಾಡಿದೆವು. ಅದರಲ್ಲಿ ಎಂಟರ ಅಂಕಿ ಬಿಟ್ಟುಹೋಗಿ, ಅಜ್ಜಿ "ಸದ್ಯ, ನಮ್ಮ ಬೀಗರ ನಂಬರಿನಲ್ಲಿ ಮೂರು ಎಂಟಿದೆ" ಎಂದು ಸಮಾಧಾನಪಟ್ಟಳು. ಕೊನೆಗೆ ಮಿಕ್ಸರ್ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಟಿವಿ. ದಾರದ ಉಂಡೆಗಳ ಕಾಲು, ಮುರಿದ ಕೊಡೆಯ ಕಡ್ಡಿಗಳ ಆಂಟೆನಾ, ಒಳಗೆ ಪೊರಕೆಯ ಹಿಡಿ ಕತ್ತರಿಸಿ ಮಾಡಿದ ಎರಡು ಉರುಳೆ. ಉದ್ದ ಕಾಗದದ ಮೇಲೆ ನೀನು ಚಿತ್ರ ಬಿಡಿಸಿ ಸುತ್ತಿಡುವುದು, ನಾನು ಹಿಡಿ ತಿರುಗಿಸುವುದು, ಚಿತ್ರಗಳು ಒಂದೊಂದಾಗಿ ಕಿಟಕಿಯಲ್ಲಿ ಸಾಗುವುದು. ಸತ್ಯವಾಗಿ ಹೇಳುತ್ತೇನೆ, ಐವತ್ತು ವರ್ಷ ಊರಿನ ಪ್ಯಾಂಟು ಹೊಲಿದವನಿಗೆ ಅಷ್ಟು ಖುಷಿ ಒಂದು ಜೇಬಿನಲ್ಲೂ ಸಿಕ್ಕಿರಲಿಲ್ಲ.

ಆ ಖುಷಿಯಲ್ಲೇ ನಾನು ಬಾಯಿ ಬಿಟ್ಟದ್ದು. ಟಿವಿಗೆ ಕಥೆ ಬೇಕು ಎಂದು ನೀನು ಪೀಡಿಸಿದೆ. ನಾನು, ಮರುಳ, ನಲವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ನಿನ್ನ ಮುಂದೆ ಕಕ್ಕಿದೆ. ನಿನ್ನ ಚಿಕ್ಕತಾತ, ನನ್ನ ಒಬ್ಬನೇ ತಮ್ಮ, ಹೆಡ್ಮಾಸ್ತರಾಗಿ ಊರನ್ನೆಲ್ಲ ಹೆದರಿಸುವ ಮೊದಲು ಮಿಮಿಕ್ರಿ ಮಾಡುತ್ತಿದ್ದ. ರೈಲು, ಕಾಗೆ, ಹೊಲಿಗೆ ಮಷೀನು, ಎಲ್ಲವೂ ಅವನ ಬಾಯಲ್ಲಿದ್ದವು. ಟಿವಿಯವರು ಕರೆಸಿ ಅವನ ಕಾರ್ಯಕ್ರಮ ಚಿತ್ರೀಕರಿಸಿದರು. ಒಂದು ಭಾನುವಾರ ಮಧ್ಯಾಹ್ನ ಪ್ರಸಾರ. ತಡವರಿಸಿದ್ದರೆ ಮಾನ ಹೋಗುತ್ತದೆಂದು ಅವನು ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮ ಊರಿನಲ್ಲಿರಲಿಲ್ಲ, ನನಗಿನ್ನೂ ಮದುವೆಯಾಗಿರಲಿಲ್ಲ. ರೇಡಿಯೋ ರಿಪೇರಿಯವನಿಂದ ಒಂದು ದಿನಕ್ಕೆ ತಂದ ಕಪ್ಪುಬಿಳುಪು ಟಿವಿ, ಅದರ ಮುಂದೆ ನಾನು, ಎರಡು ಮಹಡಿ ಮೇಲಿನ ಛಾವಣಿಯಲ್ಲಿ ಆಂಟೆನಾ ಹಿಡಿದು ಅವನು. "ಅಣ್ಣಾ, ಬಂತಾ?" ಎಂದು ಅವನು ಕೂಗುವುದು. "ಇಲ್ಲ, ಇನ್ನೂ ಎಡಕ್ಕೆ!" ಎಂದು ನಾನು ಕೂಗುವುದು. ನಡುವೆ ಚಿತ್ರ ಬಂತು, ಕನ್ನಡಿಯ ಹಾಗೆ ಬಂತು, ಮೂರು ನಿಮಿಷ ಅವನೇ ಇದ್ದ. ನಾನು ಮಾತ್ರ "ಇಲ್ಲ ಕಣೋ, ಪರದೆ ತುಂಬ ಬರೀ ಇರುವೆ ಓಡಾಡ್ತಿದೆ" ಎನ್ನುತ್ತಲೇ ಇದ್ದೆ. ಕಾರ್ಯಕ್ರಮ ಮುಗಿಯುವವರೆಗೂ ಅವನು ಬಿಸಿಲಲ್ಲಿ ಆಂಟೆನಾ ತಿರುಗಿಸುತ್ತಲೇ ಇದ್ದ. ಆ ಕಾರ್ಯಕ್ರಮ ಮತ್ತೆ ಯಾವತ್ತೂ ಬರಲಿಲ್ಲ. ತಮಾಷೆಗೆ ಮಾಡಿದ್ದು ಅಂತ ನಿನಗೆ ಹೇಳಿದೆ. ನೀನು ಹೊಟ್ಟೆ ಹಿಡಿದು ನಕ್ಕೆ. ನನ್ನ ಇಂಚುಟೇಪು ಮುಟ್ಟಿ "ಸತ್ತರೂ ಬಾಯಿ ಬಿಡಲ್ಲ ತಾತ" ಎಂದು ಆಣೆ ಮಾಡಿದೆ.

ಬಾಯಿ ಬಿಡಲಿಲ್ಲ, ನಿಜ. ಬ್ರಶ್ಶು ಬಿಟ್ಟೆ. ಹದಿನಾಲ್ಕು ಚಿತ್ರ ಬಿಡಿಸಿ, ಟಿವಿಯನ್ನು ಆಟೋದಲ್ಲಿ ಕೂರಿಸಿಕೊಂಡು ನನಗೆ ತಿಳಿಸದೆ ಚಿಕ್ಕತಾತನ ಮನೆಗೇ ಒಯ್ದು, ಅವರ ಮನೆಮಂದಿಯೆಲ್ಲ ಸೇರಿದ್ದ ಭಾನುವಾರ ಎಲ್ಲರ ಮುಂದೆ ಹಿಡಿ ತಿರುಗಿಸಿದೆ! ನಾನು ತಡವಾಗಿ ಹೋಗಿ ಬಾಗಿಲಲ್ಲೇ ನಿಂತು ನೋಡಿದೆ. ಕೊನೆಯ ಚಿತ್ರ: ಮೇಲೆ ಅವನು ಬೆದರುಬೊಂಬೆಯ ಹಾಗೆ ಕೈ ಚಾಚಿದ್ದಾನೆ, ಕೆಳಗೆ ನಾನು ಕಡಲೆಕಾಯಿ ತಿನ್ನುತ್ತ ಕುರ್ಚಿಯಲ್ಲಿದ್ದೇನೆ, ಟಿವಿ ತುಂಬ ಅವನ ಮುಖ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ. ಅವನು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಆಮೇಲೆ ನಿನಗೆ, "ಚೆನ್ನಾಗಿದೆಯಮ್ಮ" ಎಂದ. ನನ್ನ ಕಡೆ ನೋಡಲಿಲ್ಲ.

"ನಲವತ್ತು ವರ್ಷದ ಜೋಕು ತಾತ, ಅವರಿಗೆ ಗೊತ್ತಿರುತ್ತೆ ಅಂದ್ಕೊಂಡೆ" ಅಂದೆ ನೀನು, ಮಾರನೇ ದಿನ ರೈಲು ಹತ್ತುವಾಗ. ಗೊತ್ತಿದ್ದರೆ ನಿನ್ನಿಂದ ಆಣೆ ಏಕೆ ಹಾಕಿಸುತ್ತಿದ್ದೆ, ಜಾಣೆ? ಶತ್ರು ಹೊರಗಿನಿಂದ ಬಂದರೆ ಬಾಗಿಲು ಹಾಕಿಕೊಳ್ಳಬಹುದು. ಪಕ್ಕದಲ್ಲೇ ಕೂತು ಅಂಟು ಹಚ್ಚುವವಳಿಗೆ ಯಾವ ಬಾಗಿಲು ಹಾಕಲಿ? ನಾನು ನಿನಗೆ ಕಾಜಾ ಹೊಲಿಯುವುದನ್ನು ಕಲಿಸಿದೆ. ನೀನು ನನ್ನ ಹೊಲಿಗೆಯನ್ನೇ ಬಿಚ್ಚಿದೆ.

ಆಮೇಲಿನ ಸಂಗತಿ ನಿನಗೆ ಗೊತ್ತಿಲ್ಲ. ದಿನಾ ಬೆಳಗ್ಗೆ ಪೇಪರು ಓದಲು ಬಂದು ನನ್ನ ಕಾಫಿಯಲ್ಲಿ ಅರ್ಧ ಕುಡಿದು ಹೋಗುತ್ತಿದ್ದವನು ಬರಲಿಲ್ಲ. ನಾಲ್ಕನೇ ದಿನ ಅವರ ಮನೆಯಿಂದ ಒಂದು ಚೀಲ ಬಂತು. ಒಳಗೆ ನಾವು ಕೊಟ್ಟಿದ್ದ ರೇಡಿಯೋ ದಿಂಬು, ಎಂಟಿಲ್ಲದ ಫೋನು, ಕ್ಯಾಸೆಟ್ಟಿನ ಆಕಾರದ ಪರ್ಸು. ಎಲ್ಲ ಒಗೆದು, ಇಸ್ತ್ರಿ ಮಾಡಿ ಕಳಿಸಿದ್ದ. ಹರಿದು ಬಿಸಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಆ ಇಸ್ತ್ರಿಯ ಗೆರೆ ನೋಡಲಾಗಲಿಲ್ಲ. ನಿನ್ನ ಅಜ್ಜಿಯೂ ಅವನ ಪಕ್ಷ ಸೇರಿದಳು. "ಮಗು ಮೇಲೆ ಯಾಕೆ ರೇಗ್ತೀರಾ, ಮಾಡಿದ್ದು ನೀವು, ಬರೆದದ್ದು ಅವಳು" ಅಂದಳು. ಇಪ್ಪತ್ತು ದಿನ ಈ ಮನೆಯಲ್ಲಿ ಕಾಫಿ ಪೂರ್ತಿ ಲೋಟ ನಾನೇ ಕುಡಿದಿದ್ದೇನೆ. ಪಿತ್ತವಾಯಿತು.

ನಿನ್ನೆ ಬಂದ. ಕೂರಲಿಲ್ಲ. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, ಶಾಲೆಯಲ್ಲಿ ಹುಡುಗರನ್ನು ವಿಚಾರಿಸುವ ದನಿಯಲ್ಲಿ ಕೇಳಿದ: "ನಾನು ಹೇಗೆ ಕಾಣ್ತಿದ್ದೆ?" ಬೈಗುಳಕ್ಕೆ ಮೂರು ವಾರದಿಂದ ತಯಾರಿದ್ದೆ, ಈ ಪ್ರಶ್ನೆಗೆ ಇರಲಿಲ್ಲ. ಹೇಳಿದೆ. ಬೈತಲೆ ಎಡಕ್ಕೆ ಇತ್ತು. ಎಣ್ಣೆ ಜಾಸ್ತಿಯಾಗಿ ಹಣೆ ಹೊಳೆಯುತ್ತಿತ್ತು. ರೈಲು ಕೂಗಿಸುವಾಗ ಕಣ್ಣು ಮುಚ್ಚಿದ್ದ. ಹೆದರಿದ ಹಾಗೆ ಕಾಣಲಿಲ್ಲ, ಹತ್ತು ಸಲ ಟಿವಿಗೆ ಹೋಗಿ ಬಂದವನ ಹಾಗಿದ್ದ. ಒಂದು ಕೈ ಎಲ್ಲಿಡಬೇಕೆಂದು ತಿಳಿಯದೆ ಗುಂಡಿ ಮುಟ್ಟುತ್ತಿದ್ದ. ಅವನು ಒಂದೊಂದಕ್ಕೂ ತಲೆಯಾಡಿಸುತ್ತ ನಿಂತಿದ್ದ. ಆಮೇಲೆ ಹೋಗಲು ತಿರುಗಿದ, ಮತ್ತೆ ನಿಂತ, ಬಾಗಿಲ ಚೌಕಟ್ಟಿಗೆ ಹೇಳುವ ಹಾಗೆ, "ಸದ್ದು ಬಂತಾ ಅಣ್ಣ? ಮಾತು ಕೇಳಿಸ್ತಾ?" ಎಂದ. "ಇಲ್ಲ ಕಣೋ," ಎಂದೆ, "ಬರೀ ಚಿತ್ರ. ಸದ್ದು ಬರಲೇ ಇಲ್ಲ." ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಅಜ್ಜಿ ಕಾಫಿ ತಂದಳು. ಅರ್ಧ ಕುಡಿದು ಲೋಟ ನನ್ನ ಕಡೆ ತಳ್ಳಿದ. "ಆ ಹುಡುಗಿ ಛಾವಣಿ ಮೇಲಿನ ನನ್ನನ್ನ ಬಿಡಿಸಿದಾಳೆ, ಟಿವಿ ಒಳಗಿನ ನನ್ನನ್ನೂ ದೊಡ್ಡದಾಗಿ ಬಿಡಿಸೋಕೆ ಹೇಳು. ನಾನು ನೋಡೇ ಇಲ್ಲವಲ್ಲ" ಎಂದ.

ಆದ್ದರಿಂದ, ನಿನ್ನ ವಜಾ ಆದೇಶವನ್ನು ಈ ಒಂದು ಕೆಲಸದ ಮಟ್ಟಿಗೆ ತಡೆಹಿಡಿಯಲಾಗಿದೆ. ಆರು ಚಿತ್ರ ಸಾಕು, ಕಪ್ಪುಬಿಳುಪಿನಲ್ಲೇ ಇರಲಿ, ಮೊದಲಿನಷ್ಟೇ ಅಗಲದ ಕಾಗದ. ಮುಂದಿನ ಶುಕ್ರವಾರದೊಳಗೆ ಕೈಸೇರುವ ಹಾಗೆ ಅಂಚೆಗೆ ಹಾಕಿದರೆ ಭಾನುವಾರಕ್ಕೆ ನಾನು ಉರುಳೆಗೆ ಅಂಟಿಸಿಕೊಳ್ಳುತ್ತೇನೆ. ಚೆನ್ನಾಗಿ ಓದು, ಮಫ್ಲರ್ ಕಟ್ಟಿಕೋ, ನೂರು ಕಾಲ ಬಾಳು. ಅಜ್ಜಿಯ ಆಶೀರ್ವಾದವನ್ನು ಅವಳೇ ಫೋನಿನಲ್ಲಿ ಹೇಳುತ್ತಾಳಂತೆ, ಎಂಟಿರುವ ಫೋನಿನಲ್ಲಿ.

ಇತಿ,
ನಿನ್ನಿಂದ ಮೋಸಹೋದ, ಆದರೂ ನಿನ್ನವನೇ ಆದ
ತಾತ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಅಂಚೆಯ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಆ ದಿನ ಸದ್ದು ಬಂದಿತ್ತು. ಚಿತ್ರ ಬಂದ ಕೂಡಲೇ ಅವನು ಮಾಡಿದ್ದು ಹೊಲಿಗೆ ಮಷೀನಿನ ಸದ್ದು. ಅದು ಮುಗಿದ ಮೇಲೆ ಪಕ್ಕದಲ್ಲಿ ಟೈ ಕಟ್ಟಿ ನಿಂತಿದ್ದ ನಿರೂಪಕ ನಗುತ್ತ, "ಮನೆಯಲ್ಲಿ ಯಾರಾದ್ರೂ ದರ್ಜಿಗಳಿದ್ದಾರಾ?" ಎಂದು ಕೇಳಿದ. ನನ್ನ ತಮ್ಮ, ನಾನು ಎರಡು ಸಲ ಕಾಲರ್ ಬಿಚ್ಚಿ ಹೊಲಿದುಕೊಟ್ಟ ಶರ್ಟು ತೊಟ್ಟುಕೊಂಡು, "ಛೆ, ಇಲ್ಲ ಸಾರ್, ನಮ್ಮನೇಲಿ ಯಾರೂ ಇಲ್ಲ. ಎದುರು ಮನೇಲಿ ಒಬ್ಬ ಇದ್ದಾನೆ, ಬೆಳಗಿಂದ ಸಂಜೆವರೆಗೂ ಕಿವಿ ಕೊರೀತಾನೆ" ಎಂದ. ಅಪ್ಪ ಹೋದಮೇಲೆ ಅವನನ್ನು ಕಾಲೇಜಿಗೆ ಕಳಿಸಿದ ಮಷೀನು ಅದು. ಅದೇ ಹೊತ್ತಿಗೆ ಮೇಲಿನಿಂದ "ಅಣ್ಣಾ, ಬಂತಾ?" ಎಂದು ಕೂಗಿದ. ನಾನು ಸದ್ದು ತಗ್ಗಿಸಿ "ಇಲ್ಲ" ಎಂದೆ. ತಮಾಷೆಗೆ ಅಲ್ಲ. ಇದು ಅಜ್ಜಿಗೂ ಗೊತ್ತಿಲ್ಲ. ನೀನು ಮಾಡಿದ್ದನ್ನು ಕಂಡಮೇಲೂ ನಿನಗೇ ಹೇಳುತ್ತಿದ್ದೇನೆ, ಯಾಕೆಂದರೆ ಬಿಡಿಸುವವಳು ನೀನು, ತಿಳಿಯದೆ ಬಿಡಿಸಿಬಿಡುತ್ತೀಯ. ನೋಡು, ಒಂದು ಚಿತ್ರದಲ್ಲಿ ಆ ನಿರೂಪಕ ಬೇಕೇಬೇಕು, ಇಲ್ಲದಿದ್ದರೆ ಮಾತೂ ಕೇಳಿಸಿತ್ತೇನೋ ಎಂದು ನಿನ್ನ ಚಿಕ್ಕತಾತನಿಗೆ ಅನುಮಾನ ಬರುತ್ತದೆ. ಆ ನಿರೂಪಕನ ಬಾಯಿ ಮಾತ್ರ ಮುಚ್ಚಿರುವ ಹಾಗೆ ಬಿಡಿಸು.