ಮಗ್ಗ ನಿಂತ ಭಾನುವಾರ

೧೪ ಡಿಸೆಂಬರ್ ೨೦೨೫, ತುಡಿಯಲೂರು. ಸಿರುಮುಗೈಯಿಂದ ಬಸ್ಸಿನಲ್ಲಿ ಈಗಷ್ಟೇ ಬಂದೆ. ಓದಿ ಓದಿ ಗಂಟಲು ಕಟ್ಟಿದೆ, ಮನಸ್ಸು ಹಗುರವಾಗಿದೆ.

ಅಲ್ಲಿಯ ನೇಕಾರರ ಮನೆಯ ಕಲಾ ಮತ್ತು ಅವಳ ಮಾವ ತಿರುಮಲೈಸಾಮಿ ತಮಿಳು ಸೀಮೆಯಲ್ಲಿದ್ದರೂ ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ಓದಲು ಬಾರದು. ಅವರಿಗೆ ನಾನು ಅನುವಾದಿತ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದೇನೆ. ಮಗ್ಗ ನಡೆಯುವಾಗ ಏನೂ ಕೇಳಿಸದು. ಹೊಸ ಹಾಸಿನ, ಅಂದರೆ ಮಗ್ಗದ ಉದ್ದ ನೂಲಿನ, ಎಳೆಗಳನ್ನು ಹಳೆಯದಕ್ಕೆ ಒಂದೊಂದಾಗಿ ಹೊಸೆದು ಸೇರಿಸುವ ದಿನ ಮಾತ್ರ ಮನೆ ನಿಶ್ಶಬ್ದ. ಇವತ್ತು ಓದದೆಯೇ ಮರಳಬೇಕಾದೀತೆಂದು ಅಳುಕುತ್ತಲೇ ಹೋದೆ.

ಮಗ್ಗ ನಿಂತಿತ್ತು. ಹಳೆಯ ಹಾಸು ಶುಕ್ರವಾರವೇ ಮುಗಿದಿತ್ತಂತೆ.

“ಮಾಮ ನೇತ್ತು ಶನಿವಾರಾನೇ ಸೇರ್ಸೋಣಾಂದ್ರು. ಅಕ್ಕ ಬರ್ಲಿ, ಕತೆ ಕೇಳ್ತಾ ಸೇರ್ಸೋಣಾಂತ ನಾನೇ ನಿಲ್ಲಿಸ್ದೆ” ಎಂದಳು ಕಲಾ.

ಅವರು ಎಳೆ ಸೇರಿಸುತ್ತಿದ್ದಷ್ಟು ಹೊತ್ತೂ ಓದಿದೆ; ಕೊನೆಯ ಅಧ್ಯಾಯ ಉಳಿಯಿತು. ಕತೆಯ ಹುಡುಗಿ ಹಿಮದಲ್ಲಿ ದಾರಿ ತಪ್ಪಿದ್ದಾಳೆ.

“ಬರೋ ವಾರ ಮಗ್ಗ ನಾನೇ ನಿಲ್ಲಿಸ್ತೀನಿ” ಎಂದರು ತಿರುಮಲೈಸಾಮಿ. “ಆ ಪೊಣ್ಣು ಸತ್ತೋಗಿದ್ರೆ ಈಗ್ಲೇ ಹೇಳ್ಬಿಡಮ್ಮ, ಒಂದಿನದ ಕೆಲಸಾನಾದ್ರೂ ಉಳೀತದೆ.”

ನಾನಿನ್ನೂ ಓದಿಲ್ಲ ಎಂದೆ. ನಂಬಲಿಲ್ಲ.

ಇಷ್ಟು ವರ್ಷ ಒಬ್ಬಳೇ ಓದಿದವಳು ನಾನು. ನನ್ನ ಪುಸ್ತಕಕ್ಕಾಗಿ ಒಂದು ಮಗ್ಗ ಕಾಯುತ್ತದೆ ಎಂಬುದನ್ನು ಬಸ್ಸಿನುದ್ದಕ್ಕೂ ನೆನೆದುಕೊಂಡೆ.

ತಪ್ಪಿಲ್ಲದೆ ಓದಬೇಕೆಂದು ಮುಂದಿನ ಭಾಗವನ್ನು ವಾರದ ನಡುವೆ ಓದಿಕೊಳ್ಳುವುದು ನನ್ನ ರೂಢಿ. ಪುಸ್ತಕ ದಿಂಬಿನ ಪಕ್ಕದಲ್ಲೇ ಇದೆ. ಈ ವಾರ ತೆರೆಯುವುದಿಲ್ಲ. ಆ ಹುಡುಗಿಯ ಗತಿ ಅವರ ಜೊತೆಗೇ ನನಗೂ ತಿಳಿಯಲಿ.