ಬಾಯಿ ಹೊಲಿಯದ ಕೌದಿ

ಬಳ್ಳಾರಿ,
ಕಾರ್ತಿಕದ ಎರಡನೆಯ ಸೋಮವಾರ,
ತಾ. 12-11-1951

ನನ್ನ ಮುದ್ದಿನ ಪಾರವ್ವನಿಗೆ, ನಿನ್ನ ಅವ್ವ ಕೂತಲ್ಲಿಂದಲೇ ನಿನ್ನ ತಲೆ ಸವರಿ ಬರೆಯುವುದೇನೆಂದರೆ,

ನಿನ್ನ ಕಾಗದ ಶನಿವಾರ ಮುಟ್ಟಿತು. ಓದಿ, ಮಡಚಿ, ಬೇಳೆ ಡಬ್ಬಿಯ ಕೆಳಗಿಟ್ಟೆ. ಭಾನುವಾರ ತೆಗೆದು ಮತ್ತೆ ಓದಿದೆ. ನಾಲ್ಕೇ ಸಾಲು ಬರೆದಿದ್ದೀ. ಏಳನೆಯ ತಿಂಗಳು ಅರ್ಧ ಕಳೆಯಿತು, ಮೊದಲ ಹೆರಿಗೆಗೆ ತವರಿನವರು ಇನ್ನೂ ಕರೆಯಲು ಬರಲಿಲ್ಲವೇ ಎಂದು ನಿನ್ನ ಅತ್ತೆ ದಿನಾ ಕೇಳುತ್ತಾರೆ, ನಾದಿನಿಯರು "ನಿಮ್ಮವ್ವ ನಿನ್ನ ಮರ್ತಾಳೇನ" ಎಂದು ನಗುತ್ತಾರೆ, ನಿಜ ಏನೆಂದು ಬರೆ ಎಂದಿದ್ದೀ. ಕೆಳಗೆ 'ನಿಮ್ಮ ಮಗಳು' ಎಂದು ಬರೆದಿದ್ದೀ. ಇಷ್ಟು ದಿನ 'ನಿನ್ನ ಪಾರು' ಎಂದು ಬರೆಯುತ್ತಿದ್ದವಳು ನೀನು.

ಸಿಟ್ಟು ಬರುವುದು ಸರಿಯೇ. ಮೊದಲ ಕಾಗದದಲ್ಲಿ ಎರೆ ನೆಲದ ದಾರಿ ಕೆಸರಾಗಿದೆ, ಸಿರಿಗೇರಿಯ ಹತ್ತಿರ ಬಸ್ಸು ಹೂತುಕೊಳ್ಳುತ್ತಿದೆ ಎಂದು ಬರೆದೆ. ಎರಡನೆಯದರಲ್ಲಿ ಬಚ್ಚಲುಮನೆಯ ಗೋಡೆ ಬಿದ್ದಿದೆ, ಬಾಣಂತಿಗೆ ನೀರು ಹಾಕಲು ಜಾಗವಿಲ್ಲ ಎಂದೆ. ಮೂರನೆಯದರಲ್ಲಿ ಅಯ್ಯನವರು ದಿನ ಚೆನ್ನಾಗಿಲ್ಲ ಅಂದರು ಎಂದೆ. ದಾರಿ ಒಣಗಿ ಹದಿನೈದು ದಿನವಾಯಿತು. ಗೋಡೆಯನ್ನು ನಿಮ್ಮಣ್ಣ ಚಂದ್ರಣ್ಣ ಒಂದೇ ದಿನದಲ್ಲಿ ಎಬ್ಬಿಸಿದ. ಅಯ್ಯನವರನ್ನಂತೂ ನಾನು ಕೇಳಿಯೇ ಇಲ್ಲ.

ಈಗ ನಿಮ್ಮ ಅತ್ತಿಗೆ ಜಡೆಮ್ಮ ಗುಡಿಗೆ ದೀಪ ಹಚ್ಚಲು ಹೋಗಿದ್ದಾಳೆ. ನಿಮ್ಮಪ್ಪ ಪಡಸಾಲೆಯಲ್ಲಿ ಅಡ್ಡಾಗಿದ್ದಾರೆ. ಬರೆಯಲು ಇದೇ ಹೊತ್ತು. ಆದರೆ ಮೊದಲು ವಾರದ ಸುದ್ದಿ ಹೇಳಿಬಿಡುತ್ತೇನೆ, ಅಷ್ಟರಲ್ಲಿ ಧೈರ್ಯ ಬಂದರೆ ಬಂದೀತು.

ಈ ಸಲ ರೇಷನ್ನಿನಲ್ಲಿ ಕೊಟ್ಟ ಜೋಳದಲ್ಲಿ ಕಾಳಿಗಿಂತ ಕಲ್ಲೇ ಹೆಚ್ಚು. ಎರಡು ಮಧ್ಯಾಹ್ನ ಮೊರ ಹಿಡಿದು ಕೂತೆ, ಸೊಂಟ ಸೆಟೆದು ಹೋಯಿತು. ಮೊಣಕಾಲು ಹೇಳಿದ ಮಾತು ಕೇಳುವುದನ್ನು ಬಿಟ್ಟು ವರ್ಷವಾಯಿತು, ಅದನ್ನು ಹೊಸದಾಗಿ ಏನು ಬರೆಯಲಿ.

ನಿಮ್ಮಪ್ಪನ ಹಾರ್ಮೋನಿಯಂ ವಿಷಯ ಕೇಳು. ನಾಟಕದ ಕಂಪನಿ ಮುಚ್ಚಿದಾಗ ಹೊತ್ತು ತಂದ ಪೆಟ್ಟಿಗೆ, ಹನ್ನೆರಡು ವರ್ಷದಿಂದ ಭಾನುವಾರಕ್ಕೊಮ್ಮೆ ಅದೇ ಒಂದು ಹಾಡು ನುಡಿಸಿ ಓಣಿಗೆಲ್ಲ ಬಾಯಿಪಾಠ ಮಾಡಿಸಿದ್ದಾರೆ. ಎರಡು ತಿಂಗಳಿಂದ ಅದರ ಮೇಲೆ ಹೊದಿಸಿದ ಬಟ್ಟೆ ಸರಿಸಿರಲಿಲ್ಲ. ನಿನ್ನೆ ಏನು ತಿಳಿಯಿತೋ, ತೆಗೆದರು. ಒಂದು ಸ್ವರ ಒತ್ತಿದರು. ಅಡುಗೆಮನೆಯಲ್ಲಿ ಜಡೆಮ್ಮ ರೊಟ್ಟಿ ಬಡಿಯುವ ಸಪ್ಪಳ ತಟ್ಟನೆ ನಿಂತಿತು. ನಿಮ್ಮಪ್ಪ ಪೆಟ್ಟಿಗೆ ಮುಚ್ಚಿ, "ಜಿರಳಿ ಸೇರ್ಕಂಡಾವ, ಸ್ವರ ಕೆಟ್ಟೈತಿ" ಎಂದರು. ಅದು ಯಾವತ್ತು ನೆಟ್ಟಗಿತ್ತು ಎಂದು ಕೇಳಿ ಕಾಡಿಸುವ ಉಮೇದು ನನಗೂ ಬರಲಿಲ್ಲ.

ಆ ಹಾಡಿಗೆ ಜಡೆಮ್ಮನ ಕೂಸು ಕಾಲು ಬಡಿಯುತ್ತಿತ್ತು, ಪಾರವ್ವ. ನೀನು ನೋಡಲೇ ಇಲ್ಲ. ನೀನು ಬಸುರಿ ಎಂದು ಆಗ ನಾವೇ ನಿನ್ನನ್ನು ಬರಬೇಡ ಎಂದೆವು. ಅವಳ ತವರು ಕುರುಗೋಡಿನಲ್ಲಿ ಹುಟ್ಟಿ, ಐದನೆಯ ತಿಂಗಳಿಗೆ ತೊಟ್ಟಿಲ ಸಮೇತ ಈ ಮನೆಗೆ ಬಂದ ಕೂಸು ಹತ್ತೊಂಬತ್ತು ದಿನ ಇಲ್ಲಿತ್ತು. ಶನಿವಾರ ಜ್ವರ, ಸೋಮವಾರ ಇಲ್ಲ. ಅಷ್ಟೇ. ಹಿಂದೆ ಇದಕ್ಕಿಂತ ಹೆಚ್ಚು ಬರೆಯಲು ಆಗಿರಲಿಲ್ಲ, ಈಗಲೂ ಆಗುವುದಿಲ್ಲ.

ಜಡೆಮ್ಮ ನನ್ನ ಮುಂದೆ ಒಂದು ದಿನವೂ ಅತ್ತಿಲ್ಲ. ಅತ್ತಿದ್ದರೆ ನಾನೂ ಕೂತು ಅಳುತ್ತಿದ್ದೆ. ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಾಳೆ, ನೀರು ತರುತ್ತಾಳೆ, ಅರ್ಧ ರೊಟ್ಟಿ ಮುರಿದು ಸಾಕು ಎಂದು ಏಳುತ್ತಾಳೆ. ಮಧ್ಯಾಹ್ನ ಮಣಿ ಹಿಡಿದು ಕೂರುತ್ತಾಳೆ. ಪಕ್ಕದ ಮನೆಯ ಗಂಗಕ್ಕ ಅವಳಿಗೆ ಗಾಜಿನ ಮಣಿಯ ಗಿಳಿ ಮಾಡುವುದನ್ನು ಕಲಿಸಿದ್ದಳು, ತೊಟ್ಟಿಲ ಮೇಲೆ ತೂಗುಬಿಡಲು. ಆ ಗಿಳಿಯನ್ನು ಕೊಕ್ಕಿನ ತನಕ ಪೋಣಿಸುತ್ತಾಳೆ, ಮತ್ತೆ ಬಿಚ್ಚಿ ಬಟ್ಟಲಿಗೆ ಸುರಿಯುತ್ತಾಳೆ. ಎರಡು ತಿಂಗಳಿಂದ ಇದೇ ನಡೆದಿದೆ. ಮಣಿ ಬಟ್ಟಲಿಗೆ ಬೀಳುವ ಸಪ್ಪಳ ಕೇಳಿದರೆ ನನಗೆ ಎದ್ದು ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸುತ್ತದೆ.

ನಾನು ಆ ಕೂಸಿಗೆಂದು ಒಂದು ಕೌದಿ ಹೊಲಿಯುತ್ತಿದ್ದೆ. ನನ್ನ ಎರಡು ಹಳೆಯ ಸೀರೆ, ನಿಮ್ಮಜ್ಜಿಯ ಒಂದು, ನಡುವೆ ಜಡೆಮ್ಮನ ಮದುವೆಯ ಹಸಿರು ಕುಪ್ಪಸದ ತುಂಡು. ಎಲ್ಲ ಮುಗಿದು ಒಂದು ಗೇಣು ಬಾಯಿ ಬಿಟ್ಟಿದ್ದೆ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ, ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಒಳಗಿಟ್ಟು ಬಾಯಿ ಹೊಲಿಯಬೇಕು, ಆಗ ಹೊದ್ದವರಿಗೆ ಹಸಿವು ಕಾಡುವುದಿಲ್ಲ. ಸೋಮವಾರ ಹೋಳಿಗೆ ಮಾಡೋಣ, ಅದರದೇ ಚೂರು ಇಡೋಣ ಎಂದು ನಾನು ಮೂರು ದಿನ ತಡೆದೆ. ರೊಟ್ಟಿಯ ಚೂರನ್ನೇ ಇಟ್ಟು ಶುಕ್ರವಾರವೇ ಮುಗಿಸಿದ್ದರೆ ಏನಾಗುತ್ತಿತ್ತು ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಏನೂ ಆಗುತ್ತಿರಲಿಲ್ಲ, ಗೊತ್ತು. ಆದರೂ ಅನ್ನಿಸುತ್ತದೆ.

ಮಣ್ಣು ಕೊಟ್ಟು ಬಂದ ಹತ್ತು ದಿನಕ್ಕೆ ಜಡೆಮ್ಮ, "ಆ ಕೌದಿ ಎಲ್ಲೈತ್ರಿ ಅತ್ತಿ?" ಎಂದು ಕೇಳಿದಳು. ನನ್ನ ಬಾಯಿಗೆ ಸುಳ್ಳು ಎಲ್ಲಿಂದ ಬಂತೋ, ಬಾಗಿಲಿಗೆ ಬೇಡಲು ಬಂದ ಜೋಗಪ್ಪನಿಗೆ ಕೊಟ್ಟೆ ಎಂದುಬಿಟ್ಟೆ. ಅವಳು, "ಚಲೋ ಆತು ಬಿಡ್ರಿ, ಮುಂದ ಚಳಿ ಬರ್ತೈತಿ" ಎಂದಳು. ಕೌದಿ ಎಲ್ಲಿಗೂ ಹೋಗಿಲ್ಲ. ಕರಿ ಟ್ರಂಕಿನಲ್ಲಿ ನಿಮ್ಮಪ್ಪನ ಧೋತರಗಳ ಕೆಳಗೆ ಇದೆ, ಬಾಯಿ ಬಿಟ್ಟುಕೊಂಡು.

ಇನ್ನು ಹೇಳಲೇಬೇಕಾದದ್ದು. ನಿನ್ನ ಕೂಸಿಗೆಂದು ಬೇರೆ ಕೌದಿ ಶುರು ಮಾಡಿದೆ. ಮನೆಯಲ್ಲಿ ಹೊಲಿಯಲು ಮುಖವಿಲ್ಲ. ಗಂಗಕ್ಕನ ಮನೆಗೆ ಹಪ್ಪಳ ಮಾಡಲು ಹೋಗುತ್ತೇನೆಂದು ಹೇಳಿ, ಬಟ್ಟೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಳ್ಳಿಯ ಹಾಗೆ ಹೋಗುತ್ತೇನೆ. ನಾಲ್ಕು ವಾರದಿಂದ ಹಪ್ಪಳ ಮಾಡುತ್ತಿದ್ದೇನೆ, ಮನೆಗೆ ಒಂದು ಹಪ್ಪಳವೂ ಬಂದಿಲ್ಲ. ಬುಧವಾರ ಗಂಗಕ್ಕ, "ಹೊಟ್ಟಿ ಉರ್ಕಂಡಾಕಿ ಕಣ್ಣ ಮುಂದ ಬಸುರಿನ ತಂದು ಕುಂದರಸ್ತಿಯೇನವ್ವಾ? ಇಬ್ಬರಿಗೂ ಒಳ್ಳೇದಲ್ಲ. ಸೊಸಿನ ಮೂರು ತಿಂಗಳು ಕುರುಗೋಡಿಗೆ ಕಳಿಸು" ಎಂದಳು. ಅವಳದು ಕೆಟ್ಟ ಮನಸ್ಸಲ್ಲ. ಆದರೆ ನಾನು ಆ ಮಾತನ್ನು ನನ್ನದೇ ಎಂಬಂತೆ ಮನೆಗೆ ಹೊತ್ತು ತಂದೆ.

ಗುರುವಾರ ಚಂದ್ರಣ್ಣ ಉಣ್ಣಲು ಕೂತಾಗ ಜಡೆಮ್ಮ ಹಿತ್ತಲಲ್ಲಿದ್ದಾಳೆ ಎಂದುಕೊಂಡು ಹೇಳಿದೆ: "ಆಕಿನ ಕುರುಗೋಡಿಗೆ ಬಿಟ್ಟು ಬಾರಪ್ಪ, ನಾಕು ದಿನ ಹವಾ ಬದಲಾಗ್ಲಿ." ಅವನು ತಲೆ ಎತ್ತಿದ. "ಹವಾ ಯಾರಿಗೆ ಬದಲಾಗಬೇಕಾಗೇತಿ ಯವ್ವಾ?" ಎಂದು ಕೇಳಿದ. ರೊಟ್ಟಿ ಹಾಗೇ ಬಿಟ್ಟು ಕೈ ತೊಳೆದುಕೊಂಡ. ಜಡೆಮ್ಮ ಹಿತ್ತಲಲ್ಲಿ ಇರಲಿಲ್ಲ, ಬಾಗಿಲ ಮರೆಯಲ್ಲೇ ಇದ್ದಳು. ಬಂದು ಅವನ ತಟ್ಟೆ ಎತ್ತಿಕೊಂಡು ಹೋದಳು.

ಸಂಜೆ ನೋಡಿದರೆ ಮಂಚದ ಮೇಲೆ ಸೀರೆಗಳನ್ನು ಹರಡಿಕೊಂಡು ಒಂದೊಂದನ್ನೇ ಮಡಚುತ್ತಿದ್ದಾಳೆ. ನನ್ನನ್ನು ಕಂಡು, "ನಾಳೆ ಶುಕ್ರವಾರ, ಮನಿ ಬಿಡಬಾರ್ದು ಅಂತಾರ. ಶನಿವಾರ ಹೋಗ್ಲೇನ್ರಿ ಅತ್ತಿ?" ಎಂದಳು. ಧ್ವನಿಯಲ್ಲಿ ಸಿಟ್ಟಿಲ್ಲ, ಏನೂ ಇಲ್ಲ. ಮಾರ್ಕೆಟ್ಟಿಗೆ ಹೋಗಲೇ ಎಂದು ಕೇಳುವ ಹಾಗೆ ಕೇಳಿದಳು. ಕುರುಗೋಡಿನಲ್ಲಿ ಅವಳಿಗೆ ತಾಯಿ ಇಲ್ಲ. ಅಣ್ಣನ ಹೆಂಡತಿ ಒಂದು ಸಲ ಬಾಣಂತನ ಮಾಡಿದ್ದೇ ದೊಡ್ಡದು, ಈಗ ಬರಿಗೈಲಿ ಹೋಗಿ ಆ ಮನೆಯ ಯಾವ ಮೂಲೆಯಲ್ಲಿ ಕೂರಬೇಕು ಇವಳು? ನನಗೆ ನಾಚಿಕೆಯಾಯಿತು, ಪಾರವ್ವ. ನಾನು ಸೊಸೆಯಾಗಿ ಈ ಹೊಸಿಲು ದಾಟಿ ಮೂವತ್ತು ವರ್ಷ. ನಿಮ್ಮಜ್ಜಿ ಬಾಯಿಗೆ ಬಂದಂತೆ ಬೈದಿದ್ದಾಳೆ, ಆದರೆ ಮನೆ ಬಿಟ್ಟು ಹೋಗು ಅನ್ನಲಿಲ್ಲ. ಕೂಸು ಕಳಕೊಂಡವಳಿಗೆ ಆ ಮಾತನ್ನು ನಾನು ಅಂದೆ. "ಯಾರು ಹೋಗು ಅಂದ್ರು ನಿನಗ? ಬಿಚ್ಚು ಅದನ್ನ" ಎಂದು ಗದರಿಸಿ, ಅವಳು ಕಟ್ಟಿದ ಗಂಟನ್ನು ನಾನೇ ಬಿಚ್ಚಿ ಸೀರೆಗಳನ್ನು ಬಟ್ಟೆ ಹಾಕುವ ಗಳುವಿನ ಮೇಲೆ ಹಾಕಿದೆ. ತಪ್ಪಾಯಿತು ಎಂದು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಹೀಗಿದೆ ನೋಡು. ಅಮಾವಾಸ್ಯೆ ದಾಟಿದರೆ ನಿನಗೆ ಎಂಟನೆಯ ತಿಂಗಳು, ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ. ಕರೆತರುವುದಾದರೆ ಈ ಹದಿನೈದು ದಿನದಲ್ಲೇ ತರಬೇಕು. ನಾನು ತರಲಾರೆ. ನೀನು ಬಂದರೆ ಸೆರಗು ಹೊದ್ದು ಹೊಟ್ಟೆ ಮುಚ್ಚಿಕೊಂಡು ಓಡಾಡು ಎಂದು ಹೇಳೋಣವೆಂದೂ ಯೋಚಿಸಿದ್ದೆ. ಆಮೇಲೆ ಕೂಸಿನ ಅಳುವನ್ನು ಯಾವ ಸೆರಗಿನಲ್ಲಿ ಮುಚ್ಚಲಿ? ಸಿರುಗುಪ್ಪದಲ್ಲೇ, ನಿನ್ನ ಅತ್ತೆಯ ಮನೆಯಲ್ಲೇ ಹೆರಿಗೆ ಆಗಲಿ, ನನ್ನವ್ವ. ಒಂಬತ್ತಕ್ಕೆ ಬಿದ್ದ ಕೂಡಲೇ ತುಪ್ಪ, ಅಂಟಿನ ಉಂಡೆ ಕಟ್ಟಿಕೊಂಡು ನಾನೇ ಬಂದು ಕೂರುತ್ತೇನೆ. ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಉಂಡು ಮಲಗುವುದೆಂದರೆ ನನ್ನಂಥವಳಿಗೆ ಸಾಯುವಷ್ಟು ಸಂಕೋಚ, ಆದರೂ ಬರುತ್ತೇನೆ. ನಿನ್ನ ಅತ್ತೆ ಕೇಳಿದರೆ ಅವ್ವನ ಮೊಣಕಾಲು ಬಿದ್ದುಹೋಗಿದೆ ಎಂದು ಹೇಳು. ನಾದಿನಿಯರು ನಗಲಿ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗು, ಆದರೆ ಜಡೆಮ್ಮನ ಮೇಲೆ ಆಗಬೇಡ. ಅವಳಿಗೆ ಇದೊಂದೂ ಗೊತ್ತಿಲ್ಲ.

ತೊಟ್ಟಿಲು ಅಟ್ಟದ ಮೇಲಿದೆ. ನಿನ್ನನ್ನು ತೂಗಿದ್ದಂತೂ ಅದಲ್ಲ, ಆದರೂ ಅದರಲ್ಲಿ ನಿನ್ನ ಕೂಸನ್ನು ಮಲಗಿಸಬೇಕೆಂಬ ಆಸೆ ನನಗಿತ್ತು. ಎಲ್ಲ ಆಸೆಯನ್ನೂ ಹೊತ್ತು ನಡೆಯುವ ಶಕ್ತಿ ಈಗ ಇಲ್ಲ. ದಣಿದಿದ್ದೇನೆ ಮಗಳೇ. ಜಡೆಮ್ಮ ಬಂದಳೆಂದು ಕಾಣುತ್ತದೆ, ಬಾಗಿಲ ಚಿಲಕದ ಸಪ್ಪಳವಾಯಿತು. ಬೆಳಿಗ್ಗೆ ಅವಳ ಕೈಯಲ್ಲೇ ಇದನ್ನು ಅಂಚೆ ಡಬ್ಬಿಗೆ ಕಳಿಸುತ್ತೇನೆ, ಲಕೋಟೆ ಅಂಟಿಸಲು ಎರಡು ಅನ್ನದ ಅಗುಳು ತರಬೇಕು.

ನಿನ್ನನ್ನು ಕರೆಯಲು ಬರಬೇಕಾಗಿದ್ದ,
ನಿನ್ನ ಅವ್ವ
ಕೊಟ್ರಬಸಮ್ಮ

ತಾ.ಕ. — ಮಂಗಳವಾರ ಮಧ್ಯಾಹ್ನ

ಪಾರಮ್ಮಾ, ಇದು ನನ್ನ ಅಕ್ಷರ. ಅತ್ತೆ ಲಕೋಟೆ ಅಂಟಿಸದೆ ಕೊಟ್ಟರು. ಮರೆತರೋ, ಬೇಕೆಂದೇ ಬಿಟ್ಟರೋ ತಿಳಿಯದು. ಇನ್ನೊಬ್ಬರ ಕಾಗದ ಓದುವ ಚಾಳಿ ನನಗಿಲ್ಲ, ಇವತ್ತು ಓದಿದೆ. ಅಂಚೆ ಡಬ್ಬಿಯ ತನಕ ಹೋದವಳು ತಿರುಗಿ ಬಂದೆ.

ಜೋಗಪ್ಪನಿಗೆ ಕೊಟ್ಟೆ ಎಂದ ದಿನವೇ ನನಗೆ ಅದು ಸುಳ್ಳೆಂದು ಗೊತ್ತಿತ್ತು. ಬಾಯಿ ಹೊಲಿಯದ ಕೌದಿಯನ್ನು ಅತ್ತೆ ಯಾರಿಗೂ ಕೊಡುವವರಲ್ಲ. ಎಲ್ಲಿಟ್ಟಿದ್ದಾರೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಅವರು ಹಪ್ಪಳಕ್ಕೆ ಹೋದ ಮೇಲೆ ಟ್ರಂಕು ತೆಗೆದೆ. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಅಳುತ್ತಾ ಕೂತೆ. ಆಮೇಲೆ ಹಸಿವಾಯಿತು. ಒಂದು ಪೂರಾ ರೊಟ್ಟಿ ತಿಂದೆ, ಅದರದೇ ಒಂದು ಚೂರು ಒಳಗಿಟ್ಟು ಬಾಯಿ ಹೊಲಿದೆ. ಯಾರೂ ಹೊದೆಯದ ಕೌದಿ ಅದು. ನಿನ್ನ ಮನಸ್ಸು ಒಪ್ಪಿದರೆ ನಿನ್ನ ಕೂಸಿಗೆ ಹಾಸು. ಒಪ್ಪದಿದ್ದರೆ ನನ್ನ ಹತ್ತಿರ ಇರಲಿ, ನಾನೇನೂ ಅಂದುಕೊಳ್ಳುವುದಿಲ್ಲ.

ಗುರುವಾರ ಮೊದಲ ಬಸ್ಸಿಗೆ ನಾನೂ ನಿಮ್ಮಣ್ಣನೂ ನಿನ್ನನ್ನು ಕರೆಯಲು ಬರುತ್ತೇವೆ. ಈ ಕಾಗದಕ್ಕಿಂತ ಮೊದಲು ನಾವೇ ಮುಟ್ಟಿದರೂ ಮುಟ್ಟಿಯೇವು. ಅತ್ತೆಗೆ ಇನ್ನೂ ಹೇಳಿಲ್ಲ, ಹೇಳಿದರೆ ಬೇಡ ಎನ್ನುತ್ತಾರೆ. ಗಿಳಿಯ ಕೊಕ್ಕಿಗೆ ಕೆಂಪು ಮಣಿ ಸಾಲದು, ಅಲ್ಲಿ ಸಿಕ್ಕರೆ ತೆಗೆದಿಡು.

ನಿನ್ನನ್ನು ನೋಡಿದಾಗ ನನಗೆ ಅಳು ಬಂದೀತು. ಬಂದರೆ ಅತ್ತುಬಿಡುತ್ತೇನೆ, ನೀನು ಹೆದರಬೇಡ. ಆದರೆ ನನ್ನ ಮುಂದೆ ಹೊಟ್ಟೆ ಮಾತ್ರ ಮುಚ್ಚಿಕೊಳ್ಳಬೇಡ.

ನಿನ್ನ ಅತ್ತಿಗೆ
ಜಡೆಮ್ಮ